ಗಟ್ಟಿ ಎನ್ನುವ ಮಾತು

ಕರೆದರೂ ಹೆಂಗಸರು ಬರುತ್ತಿರಲಿಲ್ಲ.

ಮಲಪ್ರಭಾ ಓದುಕೇಂದ್ರದವರು ಬೈದು ಕರೆದಿರಲಿಲ್ಲ, ಹೆದರಿಸಿಯೂ ಕರೆದಿರಲಿಲ್ಲ. ಅವರವರ ಮನೆಮಾತಿನಲ್ಲಿ, ನಯವಾಗಿ, ಒಬ್ಬೊಬ್ಬರ ಕಿವಿಗೂ ಬೇರೆಬೇರೆಯಾಗಿ ಹೇಳಿ ಕರೆದಿದ್ದರು. ಆದರೂ ನೂರರಲ್ಲಿ ಎಪ್ಪತ್ತೆರಡು ಜನ ಅತ್ತ ತಲೆ ಹಾಕಿರಲಿಲ್ಲ. ಆ ಮಂಗಳವಾರ ಬೆಳಿಗ್ಗೆ ಮೇಜಿನ ಸುತ್ತ ಕೂತ ನಾಲ್ವರಲ್ಲಿ ಈ ಸಂಗತಿ ದಾನೇಶ್ವರಿಗೇ ಹೆಚ್ಚು ಚುಚ್ಚಿತು. ಕರೆಯುವ ಮಾತುಗಳ ಉಸ್ತುವಾರಿ ಅವಳದಾಗಿತ್ತು.

ಓದುಕೇಂದ್ರ ಅಂದರೆ ಪುಸ್ತಕಗಳ ಮನೆಯಲ್ಲ. ಎರಡು ಸಾವಿರದ ನಲವತ್ತೆಂಟನೆಯ ಇಸವಿಯ ಹೊತ್ತಿಗೆ ಆ ಮೂರು ತಾಲೂಕುಗಳಲ್ಲಿ, ನಲವತ್ತು ದಾಟಿದ ಹೆಂಗಸರೆಲ್ಲ ಎರಡು ವರ್ಷಕ್ಕೊಮ್ಮೆ ಎದೆಯ ಕ್ಷಕಿರಣ ಚಿತ್ರ ತೆಗೆಸಿಕೊಳ್ಳುವುದು, ಕೂಸಿಗೆ ಲಸಿಕೆ ಹಾಕಿಸುವಷ್ಟೇ ರೂಢಿಯಾಗಿತ್ತು. ಮ್ಯಾಮೊಗ್ರಾಮಿನ ಬಸ್ಸು ಓಣಿಗೇ ಬರುತ್ತಿತ್ತು. ಒಳಗೆ ಎರಡು ಹಲಗೆಗಳ ನಡುವೆ ಎದೆಯನ್ನು ಒತ್ತಿ ಹಿಡಿದು ಚಿತ್ರ ತೆಗೆಯುವ ಯಂತ್ರ. ಹೆಂಗಸರು ಅದಕ್ಕೆ ‘ಒತ್ತೂ ಬಸ್ಸು’ ಎಂದು ಹೆಸರಿಟ್ಟು, ಒಬ್ಬರನ್ನೊಬ್ಬರು ಚೇಷ್ಟೆ ಮಾಡುತ್ತ ಸರದಿಯಲ್ಲಿ ನಿಂತು ಒತ್ತಿಸಿಕೊಂಡು ಬರುತ್ತಿದ್ದರು. ಚಿತ್ರವನ್ನು ಓದುವವರು ಮನುಷ್ಯರಲ್ಲ. ಕಾಗದಪತ್ರಗಳಲ್ಲಿ ಆ ಯಂತ್ರಬುದ್ಧಿಗೆ ಬೇರೇನೋ ಹೆಸರಿತ್ತು. ಎಲ್ಲರ ಬಾಯಲ್ಲಿ ಅದು ‘ಓದವ್ವ’. ಒಳಗೆ ಹೋದವಳು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಓದವ್ವ ಚಿತ್ರ ಓದಿ ಮುಗಿಸಿ, ಬಸ್ಸಿನ ಮೂಲೆಯ ಪುಟ್ಟ ಕೋಣೆಯಲ್ಲಿ, ಅವಳೊಬ್ಬಳಿಗೇ ಕೇಳುವಂತೆ, ಅವಳ ಊರಿನ ಕನ್ನಡದಲ್ಲೇ ಫಲಿತಾಂಶ ಹೇಳುತ್ತಿದ್ದಳು.

ಓದವ್ವನಿಗೂ ಒಂದು ಕಷ್ಟವಿತ್ತು. ಅದು ಅವಳದಲ್ಲ, ಕ್ಷಕಿರಣದ್ದು. ಎದೆಯಲ್ಲಿ ಕೊಬ್ಬು ಇರುತ್ತದೆ. ಹಾಲಿನ ಗ್ರಂಥಿಗಳೂ ಅವನ್ನು ಹಿಡಿದಿಟ್ಟ ನಾರೂ ಇರುತ್ತವೆ. ಚಿತ್ರದಲ್ಲಿ ಕೊಬ್ಬು ಕಪ್ಪಗೆ ಕಾಣುತ್ತದೆ, ಗ್ರಂಥಿ ಮತ್ತು ನಾರು ಬೆಳ್ಳಗೆ. ಕ್ಯಾನ್ಸರಿನ ಗಂಟೂ ಬೆಳ್ಳಗೇ. ಕೊಬ್ಬು ಹೆಚ್ಚಿದ್ದವರಲ್ಲಿ ಗಂಟು ಕತ್ತಲಲ್ಲಿಟ್ಟ ದೀಪದಂತೆ ಎದ್ದು ಕಾಣುತ್ತದೆ. ಗ್ರಂಥಿ, ನಾರು ಹೆಚ್ಚಿದ್ದವರಲ್ಲಿ ಬಿಳಿಯೊಳಗೆ ಬಿಳಿ ಕರಗಿ ಕೂತುಬಿಡುತ್ತದೆ. ಇದು ರೋಗವಲ್ಲ. ನಲವತ್ತು ದಾಟಿದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರ ಎದೆ ಹೀಗೇ. ಮುಟ್ಟಿ ತಿಳಿಯುವಂಥದೂ ಅಲ್ಲ; ಚಿತ್ರ ತೆಗೆದಾಗಲೇ ಗೊತ್ತಾಗುವುದು.

ಅಂಥವರಿಗಾಗಿ ಎರಡನೆಯ ಪರೀಕ್ಷೆಯೊಂದಿತ್ತು. ಬಸುರಿಯರ ಹೊಟ್ಟೆ ನೋಡುವ ಅದೇ ಅಲ್ಟ್ರಾಸೌಂಡ್, ಆದರೆ ಈಗ ಅದನ್ನು ಬಟ್ಟೆಯೊಳಗೆ ನೇಯ್ದಿದ್ದರು. ಎಳ್ಳಿಗಿಂತ ಸಣ್ಣ ಸಾವಿರಾರು ಧ್ವನಿಬಿಂದುಗಳಿದ್ದ ಕುಪ್ಪಸ. ಮೈಗೆ ಲೋಳೆ ಸವರಿ, ಅದನ್ನು ತೊಟ್ಟು ಹನ್ನೆರಡು ನಿಮಿಷ ಮಲಗಿದರೆ, ಕಿವಿಗೆ ಕೇಳದ ಧ್ವನಿ ಒಳಹೋಗಿ, ತಟ್ಟಿ, ಮರಳಿ ಬಂದು, ಬಿಳಿಯೊಳಗೆ ಅಡಗಿದ್ದನ್ನು ಬೇರೆ ಮಾಡಿ ತೋರಿಸುತ್ತಿತ್ತು. ಎಲ್ಲರಿಗೂ ಇದನ್ನೇ ಯಾಕೆ ತೊಡಿಸಬಾರದು ಅಂದರೆ, ಕುಪ್ಪಸದ ಕಿವಿ ಬಲು ಸೂಕ್ಷ್ಮ. ನಿರುಪದ್ರವಿ ನೀರುಗುಳ್ಳೆಯನ್ನೂ ಎತ್ತಿ ತೋರಿಸುತ್ತದೆ. ಸುಮ್ಮಸುಮ್ಮನೆ ಸೂಜಿ ಚುಚ್ಚಿಸಿಕೊಂಡು ವಾರಗಟ್ಟಲೆ ಕಂಗಾಲಾಗುವವರು ಹೆಚ್ಚುತ್ತಾರೆ. ಹಾಗಾಗಿ ಬೇಕಾದವರಿಗೆ ಮಾತ್ರ. ಆ ಬೇಕಾದವರೇ ಬರುತ್ತಿರಲಿಲ್ಲ.

“ಅಂಜಿಕಿ ಇರಬೇಕು,” ಅಂದರು ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ನಸೀಮಾ. “ಆದ್ರ ಕರಾವಳಿ ಕಡೆ ಕೇಂದ್ರದಾಗ ನೂರಕ್ಕ ಎಪ್ಪತ್ತು ಮಂದಿ ಬರ್ತಾರ. ಅಲ್ಲಿಯವರು ಅಂಜೂದಿಲ್ಲೇನು?”

“ಅಂಜಿದಾಕಿ ಸುಮ್ಮನ ಎದ್ದು ಹೋಗೂದಿಲ್ರಿ ಮೇಡಂ,” ಅಂದಳು ದಾನೇಶ್ವರಿ. “ಹತ್ತು ಸಲ ಕೇಳ್ತಾಳ. ನಮ್ಮವರು ಏನೂ ಕೇಳಿಲ್ಲ ಅಂತ ಅನಸ್ತೈತಿ.”

“ಅದು ನಿಮಗ ಹೆಂಗ ಗೊತ್ತು?”

“ಗೊತ್ತಿಲ್ಲ. ಕೂತು ಕೇಳಿ ನೋಡ್ತೀನಿ.”

ಓದವ್ವ ಫಲಿತಾಂಶ ಹೇಳಿದ ಮೇಲಿನ ಒಂದು ನಿಮಿಷದ ಮಾತು ಕೇಂದ್ರದಲ್ಲಿ ಉಳಿಯುತ್ತಿತ್ತು. ಮಾತು ತಿದ್ದಲಿಕ್ಕೆಂದು ಹೆಂಗಸರು ಒಪ್ಪಿ ಬಿಟ್ಟುಹೋದ, ಹೆಸರು ಅಳಿಸಿದ ದನಿಗಳು. ದಾನೇಶ್ವರಿ ನಿಯಂತ್ರಣ ಕೋಣೆಯ ಮೂಲೆಯಲ್ಲಿ ಕೂತು ಇಯರ್‌ಫೋನ್ ಕಿವಿಗೆ ಹಾಕಿಕೊಂಡಳು. ಅಳು ಕೇಳುತ್ತದೆ, ಇಲ್ಲವೇ ಮೌನ ಕೇಳುತ್ತದೆ ಎಂದುಕೊಂಡಿದ್ದಳು. ಕೇಳಿದ್ದು ನಗು.

“ಹೌದಾ? ಗಟ್ಟಿ ಐತಾ? ಆತ್ ಬಿಡವ್ವಾ, ಅಷ್ಟಾದ್ರ ಸಾಕು.”

“ಮೂರು ಹಡದು, ಮೂವತ್ತು ವರ್ಷ ಮಗ್ಗಾ ತುಳದೀನಿ. ಗಟ್ಟಿ ಇರದ ಏನು?”

“ಏ ಓದವ್ವಾ, ಇದನ್ನ ನಮ್ಮ ಅತ್ತಿ ಮುಂದ ಒಂದ ಸಲ ಹೇಳ ನೋಡೂಣು. ಜಡ್ಡಿನ ಹೆಣ್ಣು ತಂದ್ವಿ ಅಂತ ಇಪ್ಪತ್ತು ವರ್ಷದಿಂದ ಅಂತಾಳ!”

ದಾನೇಶ್ವರಿಗೂ ಮೊದಲು ನಗು ಬಂತು. ಆರನೆಯ ದನಿಗೆ ಅದು ನಿಂತಿತು. ಹತ್ತನೆಯದಕ್ಕೆ ಅವಳು ಕಿವಿಯಿಂದ ಅದನ್ನು ತೆಗೆದು ಮೇಜಿನ ಮೇಲಿಟ್ಟು, ತನ್ನ ಎರಡು ಕೈಗಳನ್ನೂ ನೋಡುತ್ತ ಕೂತಳು.

ಎರಡು ವರ್ಷದ ಹಿಂದೆ ಮೇಲಿನಿಂದ ಬಂದ ಕರಡಿನಲ್ಲಿ ‘ನಿಮ್ಮ ಸ್ತನದ ಅಂಗಾಂಶವು ಸಾಂದ್ರವಾಗಿದೆ’ ಎಂದಿತ್ತು. ಸಾಂದ್ರ! ಯಾವ ಹೆಣ್ಣುಮಗಳು ಅಡಿಗೆಮನೆಯಲ್ಲಿ ಸಾಂದ್ರ ಅನ್ನುತ್ತಾಳೆ? ದಾನೇಶ್ವರಿ ಅದನ್ನು ಹೊಡೆದುಹಾಕಿ, ‘ಚಿತ್ರದಾಗ ಗಂಟೇನೂ ಕಂಡಿಲ್ಲ. ನಿಮ್ಮ ಎದಿ ಗಟ್ಟಿ ಐತಿ. ಕುಪ್ಪಸದ ಪರೀಕ್ಷಾಕ್ಕೂ ಬರ್ರಿ’ ಎಂದು ಬರೆದಿದ್ದಳು. ಎಲ್ಲರೂ ಹೊಗಳಿದ್ದರು. ಅವಳಿಗೂ ಒಳಗೊಳಗೆ ಹೆಮ್ಮೆಯಾಗಿತ್ತು. ಈಗ ಯೋಚಿಸಿದರೆ, ತಿಳಿಯದ ಮಾತಿಗೂ ಒಂದು ಉಪಯೋಗವಿತ್ತು. ಕರಾವಳಿಯ ಹೆಂಗಸರು ಇವತ್ತಿಗೂ ‘ಸಾಂದ್ರ’ ಕೇಳಿ, ಅಂದರೇನು ಎಂದು ಕಣ್ಣು ಬಿಡುತ್ತಿದ್ದರು. ಆಗ ದಾದಿಯೊಬ್ಬಳು ಬಂದು ಬಿಡಿಸಿ ಹೇಳುತ್ತಿದ್ದಳು. ಇಲ್ಲಿಯವರಿಗೆ ಮಾತು ತಿಳಿದುಬಿಟ್ಟಿತ್ತು. ತಿಳಿದ ಮೇಲೆ ಕೇಳುವುದೇನಿದೆ? ಗಟ್ಟಿ ಅಂದರೆ ಗಟ್ಟಿ. ಆಳು ಗಟ್ಟಿ, ಜೀವ ಗಟ್ಟಿ, ಗಟ್ಟಿಗಿತ್ತಿ. ಈ ಸೀಮೆಯಲ್ಲಿ ಹೆಣ್ಣಿಗೆ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ರೋಗ ಅಡಗಲು ಜಾಗವಿದೆ ಎಂದು ಎಚ್ಚರಿಸಬೇಕಾದಲ್ಲಿ ಅವಳು ಬೆನ್ನು ತಟ್ಟಿ ಮನೆಗೆ ಕಳಿಸಿದ್ದಳು.

ಮತ್ತೆ ಕಿವಿಗೆ ಹಾಕಿಕೊಂಡಳು. ಎಲ್ಲವನ್ನೂ ಕೇಳಲೇಬೇಕು ಎಂಬ ಹಟ. ಹದಿನೇಳನೆಯ ದನಿ ಮಾತಿಗಿಂತ ಮೊದಲು ನಾಲಿಗೆಯಲ್ಲಿ ‘ಚ್’ ಎಂದಿತು.

“ಇನ್ನೊಮ್ಮೆ ಅನ್ನವ್ವಾ ಅದನ್ನ.”

ಓದವ್ವ ಇನ್ನೊಮ್ಮೆ ಅಂದಳು.

“ಹ್ಞೂಂ. ಮನ್ಯಾಗ ಹೇಳ್ತೀನಿ ತಡಿ.”

ಹೆಸರು ಅಳಿಸಿದ್ದರೇನು, ಇಪ್ಪತ್ತೆರಡು ವರ್ಷ ಒಂದೇ ಒಲೆಯ ಮುಂದೆ ಕೇಳಿದ ದನಿ. ದಾನೇಶ್ವರಿಯ ಗಂಡನ ಅಣ್ಣನ ಹೆಂಡತಿ, ಅವಳ ನೆಗೆಣ್ಣಿ ಕಸ್ತೂರಿ. ತಾರೀಖು ಹದಿನಾಲ್ಕು ತಿಂಗಳ ಹಿಂದಿನದು. ಆ ದಿನ ಕಸ್ತೂರಿ ನಿಜವಾಗಿಯೂ ಮನೆಯಲ್ಲಿ ಹೇಳಿದ್ದಳು, ರೊಟ್ಟಿ ಬಡಿಯುತ್ತ: “ದಾನಿ, ನಿಮ್ಮ ಓದವ್ವ ನನಗ ಗಟ್ಟಿ ಅಂದ್ಳು ನೋಡು.” ಬುಟ್ಟಿಯಲ್ಲಿ ರೊಟ್ಟಿ ಎಣಿಸಿಡುತ್ತಿದ್ದ ದಾನೇಶ್ವರಿ ತಲೆಯೆತ್ತದೆ ಅಂದಿದ್ದಳು: “ಅದನ್ನ ಹೇಳಾಕ ಮಷೀನ್ ಬೇಕಾಗಿತ್ತೇನಕ್ಕಾ?” ಇಬ್ಬರೂ ನಕ್ಕಿದ್ದರು.

ನಸೀಮಾ ಎಲ್ಲವನ್ನೂ ಕೇಳಿಸಿಕೊಂಡರು. ನಾಲ್ಕೈದು ದನಿಗಳನ್ನು ತಾವೂ ಕೇಳಿದರು.

“ಆ ಮಾತು ಇಟ್ಟಾಕಿ ನಾನ್ರಿ ಮೇಡಂ,” ಅಂದಳು ದಾನೇಶ್ವರಿ.

“ಓದಿ ಸಹಿ ಮಾಡಿದಾಕಿ ನಾನು,” ಅಂದರು ನಸೀಮಾ. “ಅಳೂದು ಆಮ್ಯಾಲ. ಮೊದಲ ಬ್ಯಾರೆ ಮಾತು ಹುಡುಕ್ರಿ. ಎಲ್ಲರನ್ನೂ ತಿರಗಿ ಕರಿಯೂಣು. ಎರಡು ಸಾವಿರದ ಮ್ಯಾಲ ಅದಾರ.”

ಬೇರೆ ಮಾತು ಸಿಗಲಿಲ್ಲ. ‘ದಟ್ಟ’ ಅಂದರೆ ದಟ್ಟ ಕೂದಲು ಅಂದ ಹಾಗೆ ಅದೂ ಹೊಗಳಿಕೆಯಾಯಿತು. ‘ಬಿರುಸು’ ಅಂದರೆ ಎದೆ ಕಲ್ಲಾಗಿದೆ ಎಂದು ಅಂಜಿ ಗುಡಿ ಸುತ್ತುತ್ತಾರೆ. ‘ಒತ್ತಾಗಿದೆ’ ಅಂದರೆ, ಒತ್ತೂ ಬಸ್ಸಿನವರೇ ಒತ್ತಿ ಕೆಡಿಸಿದರು ಅನ್ನುತ್ತಾರೆ. ಹೆಣ್ಣಿನ ಎದೆಯ ಬಗ್ಗೆ ಹೊಗಳಿಕೆ ಅಥವಾ ಬೈಗುಳ ಎರಡೇ ಇರುವುದು, ನಡುವಿನ ಮಾತೊಂದನ್ನು ಯಾರೂ ಮಾಡಿಟ್ಟೇ ಇಲ್ಲ ಎಂದು ದಾನೇಶ್ವರಿಗೆ ಆ ಮಧ್ಯಾಹ್ನ ಹೊಳೆಯಿತು. ಬರೆದ ಹಾಳೆ ಮಡಿಚಿ ಚೀಲಕ್ಕೆ ಹಾಕಿಕೊಂಡು, ನಾಲ್ಕರ ಬಸ್ಸಿಗೆ ಗುಳೇದಗುಡ್ಡದ ಮನೆಗೆ ಹೊರಟಳು.

ಕಸ್ತೂರಿ ಪಡಸಾಲೆಯ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ರವಿಕೆಯ ಖಣ ನೇಯುತ್ತಿದ್ದಳು. ಐವತ್ತನಾಲ್ಕರ ಹೆಂಗಸು, ಅಗಲ ಭುಜ, ನೆಟ್ಟಗಿನ ಬೆನ್ನು. ಗಂಡ ತೀರಿಕೊಂಡು ಹನ್ನೆರಡು ವರ್ಷ. ದಾನೇಶ್ವರಿ ಮದುವೆಯಾಗಿ ಬಂದಾಗ ಅವಳ ಓದು ಅರ್ಧಕ್ಕೆ ನಿಂತಿತ್ತು. ಮುಂದೆ ಅವಳ ಆರು ತಿಂಗಳ ಕೂಸನ್ನು ಕಿತ್ತುಕೊಂಡು, “ನೀ ಹೋಗು, ಪರೀಕ್ಷಾ ಬರದು ಬಾ” ಎಂದು ನೂಕಿದವಳು ಇವಳೇ. ಪಕ್ಕದ ಮನೆಯ ಈರವ್ವ ಹೊಸ್ತಿಲಲ್ಲಿ ಕೂತು ನೂಲಿನ ಸಿಕ್ಕು ಬಿಡಿಸುತ್ತಿದ್ದಳು. ಅವಳಿಗೆ ಎಪ್ಪತ್ತರ ಹತ್ತಿರ.

“ಏನ್ ದಾನಿ, ಇವತ್ತ ಲಗೂನ ಬಂದಿ?” ಅಂದಳು ಕಸ್ತೂರಿ. “ನಿಮ್ಮ ಓದವ್ವಗ ಸೂಟಿ ಕೊಟ್ರೇನು?”

“ಅಕ್ಕಾ, ಮಗ್ಗಾ ನಿಂದ್ರಸು. ಮಾತಾಡೂದೈತಿ.”

“ಮಾತಾಡು. ಮಗ್ಗ ಏನು ನಿನ್ನ ಬಾಯಿ ಹಿಡದೈತೇನು?”

“ಮಗ್ಗ ನಿಂತ್ರ ಆಕಿ ಉಸುರೂ ನಿಂದರತೈತಿ, ಬಿಡು,” ಅಂದಳು ಈರವ್ವ.

“ಹೋದ ವರ್ಷ ಓದವ್ವ ನಿನಗ ಕುಪ್ಪಸದ ಪರೀಕ್ಷಾಕ್ಕ ಬಾ ಅಂದಿದ್ಳು. ಯಾಕ ಹೋಗಲಿಲ್ಲ?”

ಲಾಳಿ ಆ ಕಡೆಯಿಂದ ಈ ಕಡೆಗೆ ಹಾರಿತು. “ನಾ ಯಾಕ ಹೋಗ್ಲಿ? ಗಟ್ಟಿ ಅದೀನಿ ಅಂದ ಮ್ಯಾಲ ಜಡ್ಡಿನವರ ಸರತ್ಯಾಗ ಹೋಗಿ ನಿಂದ್ರೂದೇನೈತಿ? ಪಾಪ, ಅವರಿಗಿ ಜಾಗಾ ಬಿಟ್ಟಕೊಟ್ಟೆ.”

“ಈ ಓಣ್ಯಾಗ ಏಳು ಮಂದಿ ಗಟ್ಟಿಗಿತ್ತ್ಯಾರು ಅದಾರ,” ಅಂದಳು ಈರವ್ವ. “ಓದವ್ವನ ಹೇಳ್ಯಾಳ. ನನಗ ಮಾತ್ರ ಅನಲಿಲ್ಲ ನೋಡು, ಮುದುಕಿ ಅಂತ. ಒಂದ ತಿಂಗಳ ಸಿಟ್ಟಾಗಿದ್ದೆ ನಾ ಆಕಿ ಮ್ಯಾಲ.”

ದಾನೇಶ್ವರಿ ಮಗ್ಗದ ಅಂಚಿಗೆ ಬಂದು ಕೂತಳು. “ಅಕ್ಕಾ, ಬಿಳೇ ಹಾಸಿನ್ಯಾಗ ಬಿಳೇ ನೂಲಿನ ಗಂಟು ಬಿದ್ರ ಕಣ್ಣಿಗಿ ಕಾಣತೈತೇನು?”

“ಇಲ್ಲ.”

“ಮತ್ತ ಹೆಂಗ ಹುಡಕ್ತಿ?”

“ಕಣ್ಣ ಮುಚ್ಚಿ ಬೆರಳಾಡಸ್ತೀನಿ. ಇದೇನು, ಇಷ್ಟ ವರ್ಷಕ್ಕ ನೇಯಾಕ ಕಲಿಯಾಕಿ ಏನು?”

“ಒತ್ತೂ ಬಸ್ಸಿನ ಚಿತ್ರ ಅಂದ್ರ ಕಣ್ಣು. ಕುಪ್ಪಸ ಅಂದ್ರ ಬೆರಳು. ಕೆಲವರ ಎದ್ಯಾಗ ಪೂರಾ ಬಿಳೇ ಇರತೈತಿ. ಗಂಟಿದ್ರೂ ಕಣ್ಣಿಗಿ ಕಾಣೂದಿಲ್ಲ. ಅಂಥವರಿಗಿ ಅಷ್ಟ ಓದವ್ವ ಗಟ್ಟಿ ಅಂತ ಹೇಳ್ತಿದ್ಳು. ಗಂಟಿಲ್ಲ ಅಂತ ಅಲ್ಲ. ಇದ್ರ ನಮಗ ಕಾಣವಲ್ದು ಅಂತ.”

ಲಾಳಿ ಕೈಯಲ್ಲೇ ನಿಂತಿತು. ಕಸ್ತೂರಿ ನೇಯ್ದ ಪಟ್ಟಿಯನ್ನು ನೋಡುತ್ತಿದ್ದಳು, ದಾನೇಶ್ವರಿಯನ್ನಲ್ಲ.

“ಮತ್ತ ಗಟ್ಟಿ ಅಂತ ಯಾಕಂದ್ಳು ಆ ಭಾಡಿ?”

“ಆಕಿ ಅನಲಿಲ್ಲಕ್ಕಾ. ನಾ ಅನಸಿದೆ. ಆ ಮಾತು ನಂದು.”

ಈರವ್ವ ನೂಲಿನ ಉಂಡೆಯನ್ನು ಮಡಿಲಿಗೆ ಹಾಕಿಕೊಂಡು, ನಳದ ನೀರು ಬರುವ ಹೊತ್ತಾಯಿತು ಎಂದು ಎದ್ದುಹೋದಳು. ಆ ಹೊತ್ತಿಗೆ ನಳಕ್ಕೆ ನೀರು ಬರುವುದಿಲ್ಲವೆಂದು ಮೂವರಿಗೂ ಗೊತ್ತಿತ್ತು.

“ಎಷ್ಟ ಮಂದಿಗಿ ಅನಸಿದಿ?” ಕಸ್ತೂರಿ ಕೇಳಿದಳು.

“ಎರಡು ಸಾವಿರದ ಮ್ಯಾಲ.”

“ಮೊದಲ ನನ್ನ ಕಡೆ ಓಡಿ ಬಂದಿ.”

“ಹೌದು.”

“ಹಂಗ ಬರಬಾರದಿತ್ತು ನೀ. ಅವರೂ ಯಾರದೋ ಮನ್ಯಾಗ ಅಕ್ಕಾ, ಅವ್ವಾ ಇರ್ತಾರ.”

ದಾನೇಶ್ವರಿ ಚೀಲದಿಂದ ಹಾಳೆ ತೆಗೆದು, ಹೊಡೆದುಹಾಕಿದ ಮಾತುಗಳನ್ನೆಲ್ಲ ಓದಿ ಹೇಳಿದಳು. ಯಾವುದನ್ನು ಇಟ್ಟರೂ ಕೆಡುತ್ತಿದೆ ಅಂದಳು. ಕಸ್ತೂರಿ ಕುಣಿಯಿಂದ ಕಾಲು ಮೇಲೆತ್ತಿ, ಮೊಣಕಾಲು ನೀವಿಕೊಳ್ಳುತ್ತ ಕೇಳಿಸಿಕೊಂಡಳು.

“ನೀವು ಶಾಣ್ಯಾರು ಮಾಡೂದ ಹಿಂಗ ನೋಡು. ಎದಿ ಹೆಂಗೈತಿ ಅಂತ ನಿಮಗ್ಯಾರು ಕೇಳ್ಯಾರ? ಹೆಣ್ಣಮಗಳ ಮೈ ಬಗ್ಗೆ ಏನಂದ್ರೂ ಆಕಿ ಅದನ್ನ ಹೊತಗೊಂಡ ತಿರಗ್ತಾಳ. ಛಲೋ ಅಂದ್ರ ಹಿಗ್ಗತಾಳ, ಕೆಟ್ಟ ಅಂದ್ರ ಕುಗ್ಗತಾಳ. ನಿಮ್ಮ ಕೆಲಸದ ಮಾತು ಹೇಳ್ರಿ. ನೋಡೂದು ಅರ್ಧಾ ಆಗೇತಿ, ಇನ್ನರ್ಧ ಉಳದೈತಿ ಅಂತ ಹೇಳ್ರಿ. ಅರ್ಧಾ ಆದ ಕೆಲಸ ಬಿಟ್ಟ ಕುಂದ್ರೂ ಹೆಂಗಸು ನಮ್ಮ ಕಡೆ ಯಾಕಿ ಅದಾಳ?”

ದಾನೇಶ್ವರಿ ಹಾಳೆಯ ಹಿಂಬದಿಗೆ ಅದನ್ನು ಇದ್ದ ಹಾಗೇ ಬರೆದುಕೊಂಡಳು.

“ಬರ್ಕೊಂಡ್ಯಾ?” ಕಸ್ತೂರಿ ಮತ್ತೆ ಕಾಲು ಇಳಿಬಿಟ್ಟಳು.

“ನೀ ಯಾವಾಗ ಬರ್ತಿ ಅಕ್ಕಾ?”

“ಈ ಖಣ ಮುಗೀಲಿ. ಶುಕ್ರವಾರ.”

ಶುಕ್ರವಾರ ಕಸ್ತೂರಿ ಇಳಕಲ್ ಸೀರೆ ಉಟ್ಟುಕೊಂಡು ಬಂದಳು, ಬೀಗರ ಮನೆಗೆ ಬಂದವಳಂತೆ. ಕುಪ್ಪಸವನ್ನು ಕೈಗೆ ಕೊಟ್ಟಾಗ ಅದನ್ನು ತಿರುವಿಮುರುವಿ, ಹೆಬ್ಬೆರಳಿನಿಂದ ಉಜ್ಜಿ ನೋಡಿದಳು. “ನೇಯ್ಗಿ ಛಲೋ ಐತಿ. ಆದ್ರ ಅಂಚಿಲ್ಲ, ಬಣ್ಣಿಲ್ಲ. ಇದನ್ನ ಯಾರ ತೊಡ್ತಾರ್ರಿ ಡಾಕ್ಟ್ರ?” ನಸೀಮಾ ನಕ್ಕರು. ಲೋಳೆ ತಣ್ಣಗಿದೆ ಎಂದು ಕಸ್ತೂರಿ ಒಂದು ಸಲ ಬೈದಳು. ಆಮೇಲೆ ಮಲಗಿ, ಕಣ್ಣು ಮುಚ್ಚಿದಳು.

“ನೀವು ಒಳಗ ಬರಬ್ಯಾಡ್ರಿ ಅಂದ್ರ ಕೇಳವರಲ್ಲ,” ನಸೀಮಾ ಗಾಜಿನ ಈಚೆ ದಾನೇಶ್ವರಿಗೆ ಅಂದರು. “ಕುಂದ್ರಿ. ಬಾಯಿ ಮಾತ್ರ ಬಿಡಬಾರದು.”

ಪರದೆಯ ಮೇಲೆ ಕಸ್ತೂರಿಯ ಎದೆ ಪದರಪದರವಾಗಿ ಬಿಚ್ಚಿಕೊಳ್ಳುತ್ತ ಬಂತು. ದಾನೇಶ್ವರಿ ನೂರಾರು ಜನರದು ನೋಡಿದ್ದಳು. ಪರಿಚಯದ ಮೈಯನ್ನು ಹೀಗೆ ಒಳಗಿನಿಂದ ನೋಡುವುದು ಬೇರೆಯವರ ಪೆಟ್ಟಿಗೆ ತೆಗೆದು ನೋಡಿದ ಹಾಗೆ ಅನ್ನಿಸಿತು. ನಾರಿನ ಬಿಳಿ ಅಲೆಗಳು. ಎಡಗಡೆ ಎರಡು ನೀರುಗುಳ್ಳೆಗಳು; ದುಂಡಗೆ, ನುಣ್ಣಗೆ, ಶುದ್ಧ ಕಪ್ಪು. ಅವು ಏನೂ ಅಲ್ಲ. ಒಂಬತ್ತನೆಯ ನಿಮಿಷಕ್ಕೆ ಬಲಗಡೆ, ಮೇಲೆ, ಕಂಕುಳದ ಕಡೆಗೆ ಇನ್ನೊಂದು ಬಂತು. ಅದು ದುಂಡಗಿರಲಿಲ್ಲ. ಅಗಲಕ್ಕಿಂತ ಎತ್ತರವಾಗಿ, ಅಂಚು ಹರಿದ ಕಾಗದದಂತೆ, ಸುತ್ತಲಿನ ನಾರನ್ನು ತನ್ನ ಕಡೆಗೆ ಎಳೆದುಕೊಂಡು ನಿಂತಿತ್ತು. ಕ್ಷಕಿರಣದಲ್ಲಿ ಬಿಳಿಯಾಗಿ ಅಡಗಿದ್ದದ್ದು ಧ್ವನಿಯಲ್ಲಿ ಕಪ್ಪಾಗಿ ಕಂಡಿತು. ಹನ್ನೊಂದು ಮಿಲಿಮೀಟರ್.

ನಸೀಮಾ ಹದಿನಾಲ್ಕು ತಿಂಗಳ ಹಿಂದಿನ ಕ್ಷಕಿರಣ ಚಿತ್ರವನ್ನು ಪಕ್ಕದ ಪರದೆಗೆ ತಂದರು. ಜಾಗ ಇಂಥದೇ ಎಂದು ಈಗ ಗೊತ್ತಿತ್ತು. ಗೊತ್ತಿದ್ದೂ ಇಬ್ಬರಿಗೂ ಅಲ್ಲಿ ಬಿಳಿಯ ಹೊರತು ಏನೂ ಕಾಣಲಿಲ್ಲ.

ಗಾಜಿನ ಆಚೆ ಕಸ್ತೂರಿ ಕಣ್ಣು ತೆರೆದು ಜೋರಾಗಿ ಕೇಳಿದಳು. “ಮುಗೀತೇನ ದಾನಿ? ಹಸಿವಿ ಆಗೇತಿ.”

ಸೂಜಿ ಪರೀಕ್ಷೆಯ ವರದಿ ಮುಂದಿನ ಗುರುವಾರ ಬಂತು. ಕ್ಯಾನ್ಸರೇ. ಸಣ್ಣದು, ತೆಗೆಯಬಹುದಾದದ್ದು. ದಾನೇಶ್ವರಿ ಅದನ್ನು ಮನೆಗೆ ಒಯ್ದು, ಅಡಿಗೆಮನೆಯ ಬಾಗಿಲು ಮುಂದೆ ಮಾಡಿ, ನೆಲದ ಮೇಲೆ ಎದುರುಬದುರು ಕೂತು ಹೇಳಿದಳು. ಕಸ್ತೂರಿ ತೊಗರಿಬೇಳೆ ಆರಿಸುತ್ತಿದ್ದಳು. ಬೆರಳು ನಿಲ್ಲಲಿಲ್ಲ.

“ಹೋದ ವರ್ಷ ಬಂದಿದ್ರ ಎಷ್ಟ ಇರ್ತಿತ್ತು ಇದು?”

ಈ ಪ್ರಶ್ನೆ ಬರುತ್ತದೆಂದು ದಾನೇಶ್ವರಿಗೆ ಗೊತ್ತಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮೂರು ಉತ್ತರ ಕಟ್ಟಿಕೊಂಡಿದ್ದಳು. ಮೂರೂ ಕಸ್ತೂರಿಗಿಂತ ತನಗೇ ಹೆಚ್ಚು ಸಮಾಧಾನ ಕೊಡುವಂಥವು. ಮೂರನ್ನೂ ಬದಿಗಿಟ್ಟಳು.

“ಗೊತ್ತಿಲ್ಲಕ್ಕಾ. ಇನ್ನೂ ಸಣ್ಣದಿರ್ತಿತ್ತು. ಇಲ್ಲಾ, ಇರ್ತಿದ್ದಿಲ್ಲ. ಹೇಳಾಕ ಬರೂದಿಲ್ಲ. ಯಾರಿಗೂ ಎಂದೂ ಗೊತ್ತಾಗೂದಿಲ್ಲ.”

ಕಸ್ತೂರಿ ಒಂದು ಕಲ್ಲನ್ನು ಆರಿಸಿ ಪಕ್ಕಕ್ಕಿಟ್ಟಳು. “ಆತು,” ಅಂದಳು.

ಬೈಯಲಿಲ್ಲ, ಮಾತು ಬಿಡಲಿಲ್ಲ. ಆದರೆ ಆ ಮನೆಯಲ್ಲಿ ಎಲ್ಲರದೂ ಮುಗಿದ ಮೇಲೆ ನೆಗೆಣ್ಣಿಯರಿಬ್ಬರೂ ಎದುರುಬದುರು ಕೂತು ಉಣ್ಣುವುದು ಇಪ್ಪತ್ತೆರಡು ವರ್ಷದ ರೂಢಿ. ಅಂದಿನಿಂದ ಕಸ್ತೂರಿ ಮೊದಲೇ ಉಂಡು ಎದ್ದುಬಿಡುತ್ತಿದ್ದಳು. ದಾನೇಶ್ವರಿಯ ಪಾಲಿನ ರೊಟ್ಟಿ ಬಟ್ಟೆಯಲ್ಲಿ ಸುತ್ತಿ, ಬೆಚ್ಚಗೆ, ಮೇಲೆ ಒಂದು ಚಮಚ ಶೇಂಗಾಚಟ್ನಿಯೊಂದಿಗೆ ಇರುತ್ತಿತ್ತು. ಉಪವಾಸ ಕೆಡವಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಮಧ್ಯಾಹ್ನ ದಾನೇಶ್ವರಿ ಒಳಗೆ ಬಂದಾಗ, ಎರಡು ತಾಟುಗಳಿದ್ದವು. ಕಸ್ತೂರಿ ಕೈ ತೊಳೆದು ಕಾಯುತ್ತಿದ್ದಳು.

“ಉಪ್ಪು ಕಡಿಮಿ ಆಗೇತಿ ಪಲ್ಯಾಕ್ಕ,” ಅಷ್ಟೇ ಅಂದಳು.

ಗಂಟು ತೆಗೆದರು. ಕಂಕುಳದ ಗ್ರಂಥಿಗಳಿಗೆ ಹರಡಿರಲಿಲ್ಲ. ಮೂರು ವಾರ ವಿಕಿರಣ, ಐದು ವರ್ಷ ಗುಳಿಗೆ. ಆಸ್ಪತ್ರೆಯಲ್ಲಿ ಕಸ್ತೂರಿ ಒಂದು ದಿನವೂ ಮುಖ ಸಣ್ಣ ಮಾಡಲಿಲ್ಲ. ಪಕ್ಕದ ಮಂಚದವಳಿಗೆ ತಲೆ ಬಾಚಿದಳು. ಹೊಲಿಗೆ ಹಾಕಿದ ಡಾಕ್ಟರಿಗೆ ದಾರ ಬಿಗಿಯಾಯಿತು ಎಂದು ತಪ್ಪು ತೋರಿಸಿದಳು. ನೋಡಲು ಬಂದವರು ನಗುತ್ತ ಮರಳಿದರು. ದಾನೇಶ್ವರಿಯೂ ನಕ್ಕಳು. ನಗುತ್ತಲೇ, ಈ ಹೆಂಗಸು ಮಂದಿ ಇಲ್ಲದ ಹೊತ್ತಿನಲ್ಲಿ ಏನು ಮಾಡುತ್ತಾಳೆ ಎಂದು ಯೋಚಿಸಿದಳು. ಗಂಡ ಸತ್ತಾಗಲೂ ಕಸ್ತೂರಿ ಬಂದವರಿಗೆಲ್ಲ ಚಹಾ ಮಾಡಿ ಕೊಟ್ಟಿದ್ದಳು. ಆ ಚಹಾವನ್ನು ತಾನೂ ಕುಡಿದಿದ್ದಳಲ್ಲ, ಒಮ್ಮೆಯೂ ಕೇಳಲಿಲ್ಲವಲ್ಲ ಅನ್ನಿಸಿತು. ಒಬ್ಬಳನ್ನು ಇಪ್ಪತ್ತೆರಡು ವರ್ಷ ಗಟ್ಟಿಗಿತ್ತಿ ಎಂಬ ಒಂದೇ ಹೆಸರಿನಿಂದ ಕರೆಯುತ್ತ ಬಂದರೆ, ಅವಳು ಬೇರೆ ಏನೂ ಆಗಲಿಕ್ಕೆ ನಾವೇ ಜಾಗ ಬಿಟ್ಟಿರುವುದಿಲ್ಲ.

ಅತ್ತ ಓದವ್ವ ಹೊಸ ಮಾತು ಕಲಿತಿದ್ದಳು. ಕರೆಯನ್ನು ‘ಸುಧಾರಿತ ಸೇವೆ’ ಅನ್ನಬಹುದು, ತಪ್ಪು ಅನ್ನುವುದು ಬೇಡ ಎಂದು ಮೇಲಿನಿಂದ ಸೂಚನೆ ಬಂದಿತ್ತು. ದಾನೇಶ್ವರಿ ಒಪ್ಪದೆ ತಪ್ಪೆಂದೇ ಬರೆದಳು; ನಸೀಮಾ ಈ ಸಲವೂ ಓದಿ, ಸಹಿ ಮಾಡಿದರು. ಎರಡು ಸಾವಿರಕ್ಕೂ ಮಿಕ್ಕಿದ ಫೋನುಗಳಲ್ಲಿ ಓದವ್ವ ಹೇಳಿದಳು: “ತಾಯಿ, ಹೋದ ಸಲ ನಿಮಗ ಹೇಳೂದ್ರಾಗ ನಮ್ಮ ಕಡೆ ತಪ್ಪಾತು. ನಿಮ್ಮನ್ನ ನೋಡೂದು ಅರ್ಧಾ ಅಷ್ಟ ಆಗೇತಿ. ಇನ್ನರ್ಧ ಉಳದೈತಿ. ಬರ್ರಿ.” ಹೆಂಗಸರು ಬೈದರು, ಗಾಬರಿಯಾದರು, ಹತ್ತು ಪ್ರಶ್ನೆ ಕೇಳಿದರು. ಬಂದರು. ಬಹಳಷ್ಟು ಜನರಿಗೆ ಏನೂ ಇರಲಿಲ್ಲ. ಕೆಲವರು ನೀರುಗುಳ್ಳೆಗೆ ಸೂಜಿ ಚುಚ್ಚಿಸಿಕೊಂಡು, ಎಂಟು ದಿನ ನಿದ್ದೆ ಕೆಟ್ಟು, ಓದವ್ವನಿಗೆ ಶಾಪ ಹಾಕಿದರು. ಐದು ಜನರಲ್ಲಿ ಗಂಟು ಸಿಕ್ಕಿತು, ಕಸ್ತೂರಿಯನ್ನು ಬಿಟ್ಟು.

ಫೋನಿಗೆ ಬಗ್ಗದವರೂ ಇದ್ದರು. ಯಂತ್ರದ ಮಾತಿಗೆ ಒಮ್ಮೆ ಮೋಸಹೋದವರು ಮತ್ತೆ ಯಾಕೆ ನಂಬಬೇಕು? ಅಂಥವರಿಗೆ ಮನುಷ್ಯರೇ ಫೋನು ಮಾಡಬೇಕೆಂದಾಯಿತು. ಇನ್ನೂ ಕೆಲವು ವಾರ ಮಗ್ಗಕ್ಕೆ ಇಳಿಯಬಾರದೆಂದು ಡಾಕ್ಟರು ತಾಕೀತು ಮಾಡಿದ್ದ ಕಸ್ತೂರಿ, ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆಂದು ಆ ಕೆಲಸ ಕೇಳಿ ಪಡೆದಳು. ಓದುಕೇಂದ್ರದಲ್ಲಿ ಒಂದು ದಿನ ಕಲಿಸಿ, ಯಾರ ಗುಟ್ಟೂ ಹೊರಗೆ ಬಿಡುವುದಿಲ್ಲವೆಂದು ಬರೆಸಿಕೊಂಡು, ಹೆಸರುಗಳ ಪಟ್ಟಿ ಕೊಟ್ಟರು.

ಅದೊಂದು ಭಾನುವಾರ, ಬೆಳಿಗ್ಗೆ ಹನ್ನೊಂದರ ಹೊತ್ತು. ದಾನೇಶ್ವರಿ ಅಡಿಗೆಮನೆಯಲ್ಲಿ ಬದನೆಕಾಯಿ ಹೆಚ್ಚುತ್ತಿದ್ದಳು. ಪಡಸಾಲೆಯಲ್ಲಿ ಕಸ್ತೂರಿ, ಬಲಗೈಯನ್ನು ದಿಂಬಿನ ಮೇಲಿಟ್ಟುಕೊಂಡು, ಎಡಗೈಯಲ್ಲಿ ಫೋನು ಹಿಡಿದು ಮಾತಾಡುತ್ತಿದ್ದಳು. ಮೊದಲ ಮೂರು ಕರೆಗಳಲ್ಲಿ ಗದರಿಕೆ ಇತ್ತು, ಚೇಷ್ಟೆ ಇತ್ತು, “ನಿನ್ನ ಗಂಡಗ ಫೋನ್ ಕೊಡು, ನಾ ಹೇಳ್ತೀನಿ” ಎಂಬ ಜಬರದಸ್ತು ಇತ್ತು. ನಾಲ್ಕನೆಯ ಕರೆಯಲ್ಲಿ ಆ ಕಡೆಯ ದನಿಯೇ ಬಹಳ ಹೊತ್ತು ಮಾತಾಡಿತು. ಕಸ್ತೂರಿ ಬರೀ ಹ್ಞೂಂ, ಹ್ಞೂಂ ಅನ್ನುತ್ತಿದ್ದಳು.

“ಮಕ್ಕಳು ಸಣ್ಣಾವೇನು?… ಹ್ಞೂಂ… ಇಲ್ಲವ್ವಾ, ಬೈಯಾಕ ಮಾಡಿಲ್ಲ ಫೋನು.”

ಮತ್ತೆ ಆ ಕಡೆಯ ಮಾತು. ಏನೋ ಪ್ರಶ್ನೆ ಬಂದಿರಬೇಕು. ಹೊರಗೆ ಯಾರದೋ ಮಗ್ಗ ನಾಲ್ಕು ಸಲ ಬಡಿಯಿತು.

“ನನಗಾ?” ಅಂದಳು.

ದಾನೇಶ್ವರಿಯ ಕೈಯಲ್ಲಿ ಈಳಿಗೆಯ ಮೇಲಿನ ಬದನೆಕಾಯಿ ಹಾಗೇ ನಿಂತಿತು.

“ನನಗ ಬಾಳ ಅಂಜಿಕಿ ಆಗಿತ್ತವ್ವಾ,” ಕಸ್ತೂರಿಯ ದನಿ ಸಣ್ಣಗೆ, ಸಾವಕಾಶವಾಗಿ ಬರುತ್ತಿತ್ತು, ಹೊಸ ಊರಿನಲ್ಲಿ ದಾರಿ ಕೇಳಿಕೊಂಡು ನಡೆಯುವವರಂತೆ. “ಈಗೂ ಐತಿ. ಸ್ನಾನಾ ಮಾಡೂಮುಂದ ಕೈ ಆ ಕಡೆ ಹೋಗವಲ್ದು. ಮನ್ಯಾಗ ಯಾರಿಗೂ ಹೇಳಿಲ್ಲ. ಹೆಂಗ ಹೇಳೂದು ಗೊತ್ತಿಲ್ಲ ನನಗ, ರೂಢಿ ಇಲ್ಲ.”

ದಾನೇಶ್ವರಿ ಏಳಲಿಲ್ಲ. ಎದ್ದು ಹೋದರೆ ಆ ಮಾತು ಅಲ್ಲೇ ಮುಚ್ಚಿಕೊಳ್ಳುತ್ತದೆಂದು ಅವಳಿಗೆ ಗೊತ್ತಿತ್ತು. ಒಗ್ಗರಣೆಗಿಟ್ಟ ಎಣ್ಣೆ ಸದ್ದು ಮಾಡೀತೆಂದು, ಕೈ ಚಾಚಿ ಒಲೆಯನ್ನು ಆರಿಸಿದಳು.

ಆ ಕಡೆಯವಳು ಅಳುತ್ತಿದ್ದಿರಬೇಕು. ಕಸ್ತೂರಿ ಸಮಾಧಾನದ ಮಾತು ಹೇಳಲಿಲ್ಲ, ಧೈರ್ಯ ತುಂಬಲಿಲ್ಲ. ಅವಳ ಅಳು ಮುಗಿಯುವವರೆಗೂ ಕಾದಳು.

“ಬುಧವಾರ ಬೆಳಿಗ್ಗೆ ಹತ್ತಕ್ಕ ಬಾ,” ಅಂದಳು ಆಮೇಲೆ. “ಬಾಗಿಲದಾಗ ನಿಂತಿರ್ತೀನಿ. ಇಬ್ಬರೂ ಕೂಡೇ ಅಂಜೂಣು.”